ಆಕ್ಸಿಮೀಟರ್ 97 ತೋರಿಸಿದರೂ ಉಸಿರು ಸಾಲದೇ ಇರಬಹುದು: ಮೈಟೊಕಾಂಡ್ರಿಯಾ ಕಾಯಿಲೆ ಇರುವ ಮನೆಯವರು ತಿಳಿದಿರಬೇಕಾದ ವಿಷಯ

ಹುಣಸೂರು: 2021ರ ಕೋವಿಡ್ ಎರಡನೇ ಅಲೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹಳ್ಳಿಹಳ್ಳಿಗೂ ಎರಡು ಮಷಿನ್‌ಗಳ ಹೆಸರು ಕಲಿಸಿಹೋಯಿತು. ಒಂದು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ಇನ್ನೊಂದು ಆಕ್ಸಿಜನ್ ಕಾನ್ಸಂಟ್ರೇಟರ್. ‘95ರ ಮೇಲಿದ್ರೆ ಭಯ ಇಲ್ಲ, ಕೆಳಗಿಳಿದ್ರೆ ಆಕ್ಸಿಜನ್ ಹಾಕ್ಸಿ’ ಅನ್ನೋದು ಆಶಾ ಕಾರ್ಯಕರ್ತೆಯರಿಂದ ಹಿಡಿದು ಟೀ ಅಂಗಡಿವರೆಗೆ ಎಲ್ಲರಿಗೂ ಬಾಯಿಪಾಠವಾಯಿತು.

ಶ್ವಾಸಕೋಶಕ್ಕೇ ಸೋಂಕು ತಗುಲಿದವರಿಗೆ ಆ ಪಾಠ ಸರಿ. ಆದರೆ ಶ್ವಾಸಕೋಶ ಚೆನ್ನಾಗಿದ್ದೂ, ಅದಕ್ಕೆ ಗಾಳಿ ಎಳೆದುಕೊಡುವ ಸ್ನಾಯುಗಳು ಸೋತುಹೋಗುವ ಕಾಯಿಲೆಗಳಿವೆ. ಮೈಟೊಕಾಂಡ್ರಿಯಾ ಕಾಯಿಲೆ ಅಂಥದ್ದೊಂದು. ಇಲ್ಲಿ ಆಕ್ಸಿಮೀಟರ್ ಒಂದನ್ನೇ ನಂಬಿ ಕೂತರೆ ಮೋಸ ಹೋಗಬಹುದು. ಬರೀ ಆಕ್ಸಿಜನ್ ಹಾಕಿ ಸುಮ್ಮನಾದರೆ ಅಪಾಯ ಹೆಚ್ಚಲೂಬಹುದು.

ಕಾಯಿಲೆ ಅಪರೂಪದ್ದೇ. ವಿದೇಶಗಳಲ್ಲಿ ನಡೆದ ಅಧ್ಯಯನಗಳು ಸುಮಾರು 5,000 ಜನರಲ್ಲಿ ಒಬ್ಬರಿಗೆ ಅನ್ನುತ್ತವೆ. ಕಾಯಿಲೆಯ ಹೆಸರು ತಿಳಿಯುವುದಕ್ಕೇ ಎಷ್ಟೋ ಮನೆಗಳಲ್ಲಿ ವರ್ಷಗಳು ಹಿಡಿಯುತ್ತವೆ. ಹೆಸರು ಗೊತ್ತಾದ ಮೇಲೆ ಮನೆಯವರ ಮುಂದೆ ಉಳಿಯುವ ದೊಡ್ಡ ಪ್ರಶ್ನೆ ಉಸಿರಿನದು.

ಮೋಟರ್ ಇದೆ, ಕರೆಂಟ್ ಸಾಲದು

ದೇಹದ ಬಹುತೇಕ ಎಲ್ಲ ಜೀವಕೋಶಗಳ ಒಳಗೂ ಮೈಟೊಕಾಂಡ್ರಿಯಾ ಎಂಬ ಸಣ್ಣ ಕಣಗಳಿವೆ. ತಿಂದ ಅನ್ನ, ಉಸಿರಾಡಿದ ಆಕ್ಸಿಜನ್ ಎರಡನ್ನೂ ಸೇರಿಸಿ ಜೀವಕೋಶಕ್ಕೆ ಬೇಕಾದ ಶಕ್ತಿ ತಯಾರಿಸುವುದು ಇವುಗಳ ಕೆಲಸ. ವಂಶವಾಹಿಯಲ್ಲಿನ ದೋಷದಿಂದ ಈ ಕೆಲಸ ಕುಂಟಿದರೆ ಹೆಚ್ಚು ಶಕ್ತಿ ಬೇಡುವ ಅಂಗಗಳೇ ಮೊದಲು ಸೋಲುತ್ತವೆ: ಮೆದುಳು, ಕಣ್ಣು, ಕಿವಿ, ಹೃದಯ, ಸ್ನಾಯು.

ರೈತರಿಗೆ ಇದನ್ನು ಪಂಪ್‌ಸೆಟ್ ಲೆಕ್ಕದಲ್ಲಿ ಹೇಳಬಹುದು. ಬೋರ್‌ನಲ್ಲಿ ನೀರಿದೆ, ಪೈಪ್ ಒಡೆದಿಲ್ಲ, ಮೋಟರೂ ಸುಟ್ಟಿಲ್ಲ. ಆದರೆ ಲೈನಿನಲ್ಲಿ ಲೋ ವೋಲ್ಟೇಜ್. ಮೋಟರ್ ಗೊಂಯ್ ಅನ್ನುತ್ತೆ, ನೀರು ಮಾತ್ರ ಮೇಲೆ ಬರಲ್ಲ. ಹೊಟ್ಟೆ ಮತ್ತು ಎದೆಯ ನಡುವಿರುವ ವಪೆ ಅನ್ನೋ ಸ್ನಾಯು ಉಸಿರಾಟದ ಮುಖ್ಯ ಮೋಟರ್. ಕಾಲು, ಕೈ ದಣಿದರೆ ಕೂತು ಸುಧಾರಿಸಿಕೊಳ್ಳಬಹುದು. ವಪೆಗೆ ರಜೆ ಇಲ್ಲ.

ಎಲ್ಲ ರೋಗಿಗಳಲ್ಲೂ ಉಸಿರು ಒಂದೇ ಕಾರಣಕ್ಕೆ ಕೆಡುವುದಿಲ್ಲ. ಬ್ರಿಟಿಷ್ ವೈದ್ಯ ಡೆನಿಸ್ ಲೀ 1951ರಲ್ಲಿ ವಿವರಿಸಿದ ‘ಲೀ ಸಿಂಡ್ರೋಮ್’ ಹೆಚ್ಚಾಗಿ ಪುಟ್ಟ ಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ಉಸಿರಾಡು ಎಂದು ಆಜ್ಞೆ ಕೊಡುವ ಮೆದುಳಿನ ಬುಡದ ಭಾಗಕ್ಕೇ ಪೆಟ್ಟು ಬೀಳುತ್ತದೆ. ಮಗು ನಿದ್ದೆಯಲ್ಲಿ ಉಸಿರು ನಿಲ್ಲಿಸಿ ಮತ್ತೆ ಶುರು ಮಾಡಬಹುದು. ದೊಡ್ಡವರಲ್ಲಿ ಸ್ನಾಯು ಸೋಲುವುದೇ ಹೆಚ್ಚು. ಟಿಕೆ2 ಎಂಬ ವಂಶವಾಹಿಯ ದೋಷವಿದ್ದರೆ ನಡೆದಾಡಿಕೊಂಡು ಇರುವವರಿಗೇ ವಪೆ ಕೈಕೊಡಬಹುದು. ಹಾಗಾಗಿ ‘ಓಡಾಡ್ತಾನಲ್ಲ, ಉಸಿರಿಗೇನು ತೊಂದರೆ’ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಈ ಕಾಯಿಲೆಗಳ ಮೇಲೆ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದೆ. ಅಲ್ಲಿ ನರರೋಗ ತಜ್ಞರಾಗಿ ಕೆಲಸ ಮಾಡಿದ ಡಾ. ಎ.ಬಿ. ತಾಳಿ, ಡಾ. ಪಿ.ಎಸ್. ಬಿಂದು, ಸ್ನಾಯು ಬಯಾಪ್ಸಿ ಪರೀಕ್ಷಿಸುತ್ತಿದ್ದ ಡಾ. ಎನ್. ಗಾಯತ್ರಿ ಮುಂತಾದವರು ಕರ್ನಾಟಕ ಮತ್ತು ಸುತ್ತಲಿನ ರಾಜ್ಯಗಳ ರೋಗಿಗಳ ಬಗ್ಗೆ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ಮೈಸೂರು ಕಡೆಯ ರೋಗಿಗಳಲ್ಲಿ ಹಲವರು ಕೊನೆಗೆ ತಲುಪುವುದು ಅಲ್ಲಿಗೇ. ಆದರೆ ನಿಮ್ಹಾನ್ಸ್‌ನಿಂದ ಬಂದ ಮೇಲಿನ 364 ರಾತ್ರಿಗಳನ್ನು ಊರಲ್ಲೇ ಕಳೆಯಬೇಕು.

ತೊಂದರೆ ಶುರುವಾಗುವುದು ರಾತ್ರಿ

ನಿದ್ದೆಯ ಒಂದು ಹಂತದಲ್ಲಿ, ಅಂದರೆ ಕನಸು ಬೀಳುವ ಹೊತ್ತಲ್ಲಿ, ಎದೆ ಮತ್ತು ಕುತ್ತಿಗೆಯ ಸ್ನಾಯುಗಳು ಸಡಿಲಾಗುತ್ತವೆ. ಆಗ ಉಸಿರಾಟದ ಹೊರೆಯೆಲ್ಲ ವಪೆಯ ಮೇಲೆ. ಅದು ದುರ್ಬಲವಾಗಿದ್ದರೆ ಉಸಿರು ಮೇಲಿಂದ ಮೇಲೆ ಆಡುತ್ತದೆ, ಒಳಗಿನ ಕಾರ್ಬನ್ ಡೈಆಕ್ಸೈಡ್ ಪೂರ್ತಿ ಹೊರಗೆ ಹೋಗದೆ ರಕ್ತದಲ್ಲೇ ಉಳಿಯುತ್ತದೆ. ಹಗಲು ಎಲ್ಲ ಸರಿ ಇದ್ದಂತೆ ಕಂಡರೂ ರಾತ್ರಿ ಹೀಗೆ ತಿಂಗಳುಗಟ್ಟಲೆ ನಡೆದಿರಬಹುದು.

ಇಂಥವರು ಉಸಿರು ಕಟ್ಟುತ್ತೆ ಅಂತ ಹೇಳಿಕೊಂಡು ಬರುವುದು ಕಡಿಮೆ. ‘ಬೆಳಗ್ಗೆ ಎದ್ರೆ ತಲೆ ಸಿಡೀತದೆ, ಒಂದೆರಡು ಗಂಟೆ ಆದ್ಮೇಲೆ ತಾನೇ ಹೋಯ್ತದೆ’ ಅನ್ನುತ್ತಾರೆ. ‘ರಾತ್ರಿ ಹತ್ತು ಸಲ ಎಚ್ಚರ ಆಯ್ತದೆ, ಹಗಲೆಲ್ಲಾ ತೂಕಡಿಕೆ’ ಅನ್ನುತ್ತಾರೆ. ಒಂದು ದಿಂಬು ಸಾಲದೆ ಎರಡಾಗುತ್ತದೆ, ಆಮೇಲೆ ಗೋಡೆಗೆ ಒರಗಿಯೇ ಮಲಗುವುದು ಶುರು. ಅಂಗಾತ ಮಲಗಿದಾಗ ಉಸಿರು ಎಳೆದರೆ ಹೊಟ್ಟೆ ಉಬ್ಬುವ ಬದಲು ಒಳಗೆ ಹೋಗುತ್ತಿದ್ದರೆ ಅದು ವಪೆ ಸೋತ ಗುರುತು. ಮಕ್ಕಳಲ್ಲಾದರೆ ತೂಕ ಏರುವುದಿಲ್ಲ, ಬೆಳಗಿನ ತಿಂಡಿ ಸೇರುವುದಿಲ್ಲ, ಶಾಲೆಯಲ್ಲಿ ಮಂಕಾಗಿ ಕೂರುತ್ತಾರೆ.

ಇದನ್ನೆಲ್ಲ ಮನೆಯವರು ಗ್ಯಾಸು, ಬಿಪಿ, ಸೋಮಾರಿತನ ಅಂತ ತಳ್ಳಿಹಾಕುವುದು ಸಾಮಾನ್ಯ. ಅದಕ್ಕಿಂತ ಕೆಟ್ಟದ್ದು ನಿದ್ದೆ ಮಾತ್ರೆ. ರಾತ್ರಿ ಎಚ್ಚರವಾಗುತ್ತೆ ಅಂತ ಮೆಡಿಕಲ್ ಸ್ಟೋರ್‌ನಲ್ಲಿ ಮಾತ್ರೆ ಕೇಳಿ ನುಂಗಿದರೆ, ಮೊದಲೇ ದಣಿದಿರುವ ಉಸಿರು ಇನ್ನೂ ತಗ್ಗುತ್ತದೆ. ಎಚ್ಚರವಾಗುತ್ತಿರುವುದು ದೇಹ ತನ್ನನ್ನು ಉಳಿಸಿಕೊಳ್ಳಲು ಮಾಡುತ್ತಿರುವ ಕೆಲಸ. ಕೊಡೀನ್ ಇರುವ ಕೆಮ್ಮಿನ ಸಿರಪ್, ನಿದ್ದೆ ತರಿಸುವ ಅಲರ್ಜಿ ಮಾತ್ರೆ, ಮದ್ಯ, ಇವಕ್ಕೂ ಇದೇ ಮಾತು.

ಮನೆಯಲ್ಲೇ ಮಾಡಬಹುದಾದ ಒಂದು ಸಣ್ಣ ಪರೀಕ್ಷೆ ಇದೆ. ಕಬಡ್ಡಿಯಲ್ಲಿ ಉಸಿರು ಹಿಡಿಯುವ ಹಾಗೆ, ದೀರ್ಘವಾಗಿ ಗಾಳಿ ಎಳೆದುಕೊಂಡು ಒಂದೇ ಉಸಿರಿನಲ್ಲಿ, ಸೆಕೆಂಡಿಗೆ ಎರಡರಂತೆ, ಒಂದು, ಎರಡು, ಮೂರು ಅಂತ ಗಟ್ಟಿಯಾಗಿ ಎಣಿಸಬೇಕು. ಆರೋಗ್ಯವಂತ ದೊಡ್ಡವರು 40ರಿಂದ 50ರವರೆಗೆ ಎಣಿಸಬಲ್ಲರು. 20 ದಾಟಲಾಗದಿದ್ದರೆ ಬೇಗ ವೈದ್ಯರಿಗೆ ತೋರಿಸಬೇಕು. 15ಕ್ಕೂ ಮುಟ್ಟದಿದ್ದರೆ ತಡ ಮಾಡಬಾರದು. ಇದೇನು ಪಕ್ಕಾ ರೋಗಪತ್ತೆ ಅಲ್ಲ. ತಿಂಗಳಿಗೊಮ್ಮೆ ಎಣಿಸಿ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಇಳಿಯುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ, ಅಷ್ಟೇ. ಅಷ್ಟೇ ಆದರೂ ವೈದ್ಯರಿಗೆ ಆ ಕ್ಯಾಲೆಂಡರ್ ಬಹಳ ಹೇಳುತ್ತದೆ.

ನಿಜವಾದ ಪರೀಕ್ಷೆಗಳು ಮೈಸೂರಿನ ದೊಡ್ಡ ಆಸ್ಪತ್ರೆಗಳ ಶ್ವಾಸಕೋಶ ವಿಭಾಗದಲ್ಲಿ ಆಗಬೇಕು. ಊದುವ ಪರೀಕ್ಷೆಯನ್ನು, ಅಂದರೆ ಸ್ಪೈರೋಮೆಟ್ರಿಯನ್ನು, ಕೂತು ಒಮ್ಮೆ, ಮಲಗಿ ಒಮ್ಮೆ ಮಾಡಿಸಿ ಅಂತ ಮನೆಯವರೇ ಕೇಳಬಹುದು. ಮಲಗಿದಾಗ ಕಾಲು ಭಾಗದಷ್ಟು ಇಳಿದರೆ ವಪೆಯೇ ಕಾರಣ. ವಯಸ್ಸು, ಎತ್ತರಕ್ಕೆ ತಕ್ಕ ಅಳತೆಯ ಶೇ 50ಕ್ಕಿಂತ ಕಡಿಮೆ ಬಂದರೆ ಉಸಿರಾಟದ ಮಷಿನ್ ಬಗ್ಗೆ ಯೋಚಿಸುವ ಹೊತ್ತು ಬಂದಿದೆ ಎಂದರ್ಥ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಮಟ್ಟ ಸಾಮಾನ್ಯವಾಗಿ 35ರಿಂದ 45 ಇರಬೇಕು. 45 ದಾಟಿದರೆ ಆಗಲೂ ಅದೇ ಮಾತು. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ, ಏನೂ ತೊಂದರೆ ಇಲ್ಲ ಅನಿಸಿದರೂ, ಈ ಪರೀಕ್ಷೆಗಳನ್ನು ಮಾಡಿಸುತ್ತಿರಬೇಕು.

ಬರೀ ಆಕ್ಸಿಜನ್ ಯಾಕೆ ಸಾಲದು?

ಆಕ್ಸಿಮೀಟರ್ ತೋರಿಸುವುದು ರಕ್ತದ ಆಕ್ಸಿಜನ್ ಮಾತ್ರ. ಕಾರ್ಬನ್ ಡೈಆಕ್ಸೈಡ್ ಎಷ್ಟು ತುಂಬಿದೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಸ್ನಾಯು ಸೋತವರಲ್ಲಿ ಮೊದಲು ಏರುವುದು ಕಾರ್ಬನ್ ಡೈಆಕ್ಸೈಡ್. ಆಕ್ಸಿಜನ್ ಕೊನೆವರೆಗೂ ಹೆಚ್ಚು ಇಳಿಯದೆ ನಿಂತಿರಬಹುದು. ಹಾಗಾಗಿ 96, 97 ನೋಡಿ ನೆಮ್ಮದಿಯಾಗುವಂತಿಲ್ಲ.

ಈಗ ಇಂಥವರಿಗೆ ಕಾನ್ಸಂಟ್ರೇಟರ್ ಹಾಕಿದರೆ ಏನಾಗುತ್ತೆ? ಬೆರಳಿನ ಮಷಿನ್ 99 ತೋರಿಸುತ್ತೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಒಳಗಡೆ ಉಸಿರು ಅದೇ ಮೇಲುಸಿರು, ಕಾರ್ಬನ್ ಡೈಆಕ್ಸೈಡ್ ಏರುತ್ತಲೇ ಇರುತ್ತೆ. ಕೆಲವರಲ್ಲಿ ಆಕ್ಸಿಜನ್ ಸಿಕ್ಕಿದ ಮೇಲೆ ಉಸಿರಾಡುವ ಒತ್ತಾಯವೂ ತಗ್ಗುತ್ತದೆ. ರೋಗಿ ಮಂಪರಿಗೆ ಜಾರುತ್ತಾರೆ. ‘ಪಾಪ, ಎಷ್ಟು ದಿನ ಆದ್ಮೇಲೆ ಆರಾಮಾಗಿ ನಿದ್ದೆ ಮಾಡ್ತಾವ್ರೆ’ ಅಂತ ಹೊದಿಕೆ ಹೊದಿಸುವ ಹೊತ್ತಿನಲ್ಲಿ ಅದು ನಿದ್ದೆ ಆಗಿರುವುದಿಲ್ಲ. ಕೂಗಿದರೆ, ಭುಜ ಅಲ್ಲಾಡಿಸಿದರೆ ಸರಿಯಾಗಿ ಉತ್ತರ ಬರಬೇಕು. ತೊದಲು, ಗೊಂದಲ, ಮತ್ತೆ ಮತ್ತೆ ಕಣ್ಣು ಮುಚ್ಚುವುದು ಕಂಡರೆ ಅದು ತುರ್ತು ಸ್ಥಿತಿ.

ಹಾಗಂತ ಆಕ್ಸಿಜನ್ ಬೇಡವೇ ಬೇಡ ಅಂತ ಅಲ್ಲ. ನ್ಯುಮೋನಿಯಾ ಆಗಿ ಮಟ್ಟ ಇಳಿದಿದ್ದರೆ ಆಕ್ಸಿಜನ್ ಬೇಕೇ ಬೇಕು, ತಡೆಹಿಡಿದರೆ ಜೀವಕ್ಕೇ ಕುತ್ತು. ಜೊತೆಯಲ್ಲಿ ಗಾಳಿ ಒಳಗೆ ಹೊರಗೆ ಆಡಿಸುವ ಮಷಿನ್ ಇರಬೇಕು, ರಕ್ತದ ಅನಿಲ ಪರೀಕ್ಷೆ ಆಗಬೇಕು ಅನ್ನೋದು ಮಾತು. ಮನೆಯಲ್ಲಿ ಎಚ್ಚರವಾಗಿದ್ದಾಗ ಆಕ್ಸಿಮೀಟರ್ ಇದ್ದಕ್ಕಿದ್ದಂತೆ 95ಕ್ಕಿಂತ ಕೆಳಗೆ ಬಂದರೆ, ಕಫ ಕಟ್ಟಿರಬಹುದು ಅಥವಾ ಉಸಿರು ಸೋತಿರಬಹುದು. ಕಾನ್ಸಂಟ್ರೇಟರ್ ಹಚ್ಚಿ ಕಾದು ನೋಡುವ ಸಂದರ್ಭ ಅದಲ್ಲ.

ನೆಬ್ಯುಲೈಸರ್ ಬಗ್ಗೆಯೂ ಒಂದು ಮಾತು. ಉಸಿರು ಅಂದ ತಕ್ಷಣ ಆವಿ ಹಿಡಿಸುವುದು ರೂಢಿ. ಅದು ಆಸ್ತಮಾದಂತೆ ಶ್ವಾಸನಾಳ ಕಟ್ಟಿಕೊಂಡವರಿಗೆ ಔಷಧ. ಸ್ನಾಯು ಸೋತವರಲ್ಲಿ ನಾಳ ತೆರೆದೇ ಇರುತ್ತದೆ. ದಿನಕ್ಕೆ ನಾಲ್ಕು ಸಲ ಆವಿ ಹಿಡಿದರೂ ವಪೆಗೆ ಬಲ ಬರುವುದಿಲ್ಲ.

ಬೈಪ್ಯಾಪ್: ಕೊಳ್ಳುವ ಮೊದಲು, ಕೊಂಡ ಮೇಲೆ

ಇಲ್ಲಿ ಬೇಕಾಗುವ ಮಷಿನ್ ಬೈಪ್ಯಾಪ್. ಮೂಗಿಗೋ, ಮೂಗು ಬಾಯಿ ಎರಡಕ್ಕೂ ಸೇರಿಸಿಯೋ ಮಾಸ್ಕ್ ಕಟ್ಟಿದರೆ, ಉಸಿರು ಎಳೆಯುವಾಗ ಹೆಚ್ಚು ಒತ್ತಡದಲ್ಲಿ ಗಾಳಿ ತಳ್ಳಿ, ಬಿಡುವಾಗ ಒತ್ತಡ ಇಳಿಸುತ್ತದೆ. ರಾತ್ರಿಯಿಡೀ ವಪೆಯ ಅರ್ಧ ಕೆಲಸವನ್ನು ಅದು ಮಾಡುತ್ತದೆ. ಬೆಳಗಿನ ತಲೆನೋವು, ಹಗಲಿನ ಮಂಪರು ಹಲವರಲ್ಲಿ ಕೆಲವೇ ದಿನಗಳಲ್ಲಿ ಕಡಿಮೆಯಾಗುತ್ತದೆ.

ಇದರ ತಮ್ಮನಂತೆ ಕಾಣುವ ಸಿಪ್ಯಾಪ್ ಅಂತ ಒಂದಿದೆ. ಗೊರಕೆ ಹೊಡೆದು ಗಂಟಲು ಮುಚ್ಚಿಕೊಳ್ಳುವವರಿಗೆ ಅದು ಸರಿ. ಅದು ಒಂದೇ ಒತ್ತಡ ಕೊಡುತ್ತದೆ, ಉಸಿರನ್ನು ತಳ್ಳುವುದಿಲ್ಲ. ಬೆಲೆ ಕಡಿಮೆ ಅಂತ ಆನ್‌ಲೈನಿನಲ್ಲಿ ಅದನ್ನು ತರಿಸಿದರೆ ದುಡ್ಡೂ ದಂಡ, ಕಾಲವೂ ದಂಡ. ಬೈಪ್ಯಾಪ್‌ನಲ್ಲೂ ‘ಬ್ಯಾಕಪ್ ರೇಟ್’ ಇರುವ ಮಾದರಿಯೇ ಬೇಕು. ಅಂದರೆ ರೋಗಿ ಉಸಿರು ಎಳೆಯುವುದು ಮರೆತರೂ, ಎಳೆದದ್ದು ಮಷಿನ್‌ಗೆ ಗೊತ್ತಾಗದಷ್ಟು ನಿಶ್ಶಕ್ತವಾಗಿದ್ದರೂ, ನಿಮಿಷಕ್ಕೆ ಇಷ್ಟು ಸಲ ಅಂತ ಅದೇ ಗಾಳಿ ಕೊಡಬೇಕು. ಲೀ ಸಿಂಡ್ರೋಮ್ ಇರುವ ಮಗುವಿಗೆ ಇದಿಲ್ಲದ ಮಷಿನ್ ಕೊಟ್ಟರೆ ಇದ್ದೂ ಇಲ್ಲದಂತೆ. ಒತ್ತಡದ ಅಂಕಿಗಳನ್ನು ವೈದ್ಯರು ನಿಗದಿ ಮಾಡಬೇಕು. ಮಾರುವ ಏಜೆನ್ಸಿಯವರು ಸೆಟ್ ಮಾಡಿಕೊಟ್ಟು ಹೋಗುವುದಲ್ಲ.

ಹೊಸ ಮಷಿನ್‌ಗೆ ಹತ್ತಾರು ಸಾವಿರ ರೂಪಾಯಿ ಬೇಕು. ಮೈಸೂರಿನಲ್ಲಿ ಬಾಡಿಗೆಗೂ ಸಿಗುತ್ತದೆ. ಮೊದಲ ಒಂದು ತಿಂಗಳು ಬಾಡಿಗೆಗೆ ತಂದು, ಯಾವ ಮಾಸ್ಕ್ ಕೂರುತ್ತದೆ ಅಂತ ನೋಡಿಕೊಂಡು ಆಮೇಲೆ ಕೊಳ್ಳುವುದು ಜಾಣತನ. ಏಕೆಂದರೆ ಮಷಿನ್ ಮೂಲೆ ಸೇರುವುದು ಸಾಮಾನ್ಯವಾಗಿ ಮಾಸ್ಕ್ ಕಾರಣಕ್ಕೇ. ಮೂಗಿನ ಮೇಲೆ ಹುಣ್ಣು, ಬದಿಯಿಂದ ಕಣ್ಣಿಗೆ ಗಾಳಿ, ಬಾಯಿ ಒಣಗುವುದು, ಹೊಟ್ಟೆ ಉಬ್ಬರ, ಇವಿಷ್ಟು ದೂರು. ಮೊದಲು ಹಗಲಲ್ಲಿ ಟಿವಿ ನೋಡುತ್ತಾ ಕಾಲು ಗಂಟೆ, ಅರ್ಧ ಗಂಟೆ ಕಟ್ಟಿಕೊಂಡು ರೂಢಿ ಮಾಡಿಕೊಳ್ಳಬೇಕು. ಮೊದಲ ರಾತ್ರಿಯೇ ಬೆಳಗಿನತನಕ ಇಟ್ಟುಕೋ ಅಂತ ಮಗುವಿಗೆ ಒತ್ತಾಯ ಮಾಡಿದರೆ ಮಾರನೇ ದಿನ ಮಾಸ್ಕ್ ಕಂಡರೆ ಅಳುತ್ತದೆ. ಬೆಳೆಯುವ ಮಕ್ಕಳಿಗೆ ಒಂದೇ ಮಾಸ್ಕ್ ಸದಾ ಒತ್ತಿದರೆ ಮುಖದ ಮೂಳೆಯ ಆಕಾರ ಬದಲಾಗಬಹುದು. ಎರಡು ಬಗೆಯ ಮಾಸ್ಕ್ ಇಟ್ಟುಕೊಂಡು ಬದಲಿಸುತ್ತಿರಬೇಕು. ಕಫ ಹೆಚ್ಚಿರುವವರು, ತಾವಾಗಿ ಮಾಸ್ಕ್ ತೆಗೆಯಲು ಕೈಯಲ್ಲಿ ಶಕ್ತಿ ಇಲ್ಲದವರು ಬಾಯಿ ಮುಚ್ಚುವ ಮಾಸ್ಕ್ ಹಾಕಿಕೊಂಡಾಗ ಪಕ್ಕದಲ್ಲಿ ಒಬ್ಬರು ಮಲಗಿರಬೇಕು. ವಾಂತಿ ಬಂದರೆ ಅದು ಒಳಗೇ ಹೋಗುತ್ತದೆ.

ಹುಣಸೂರು, ಪಿರಿಯಾಪಟ್ಟಣ ಕಡೆ ಇನ್ನೊಂದು ವಿಷಯ ನೋಡಿಕೊಳ್ಳಬೇಕು. ತಂಬಾಕು ಬೇಯಿಸುವ ತಿಂಗಳುಗಳಲ್ಲಿ ಬ್ಯಾರನ್‌ಗಳ ಸೌದೆ ಹೊಗೆ ಊರ ಮೇಲೆ ಕೂತಿರುತ್ತದೆ. ಬೈಪ್ಯಾಪ್ ಹೊರಗಿನ ಗಾಳಿಯನ್ನೇ ಎಳೆದುಕೊಡುವುದು. ಅದರ ಫಿಲ್ಟರ್ ಆಗ ಬೇಗ ಕಪ್ಪಾಗುತ್ತದೆ, ವಾರಕ್ಕೊಮ್ಮೆ ತೆಗೆದು ನೋಡಬೇಕು. ಬ್ಯಾರನ್ ಮನೆಗೆ ಅಂಟಿಕೊಂಡಿರುವ ಕೋಣೆಯಲ್ಲಿ ರೋಗಿಯನ್ನು ಮಲಗಿಸಬಾರದು. ಮನೆಯೊಳಗಿನ ಸೌದೆ ಒಲೆ, ಬೀಡಿ, ಸೊಳ್ಳೆ ಬತ್ತಿಗೂ ಇದೇ ಮಾತು.

ಕೆಮ್ಮಲು ಬಲ ಬೇಕು

ಇಂಥವರನ್ನು ಆಸ್ಪತ್ರೆ ಸೇರಿಸುವುದು ಹೆಚ್ಚಾಗಿ ಒಂದು ಮಾಮೂಲಿ ನೆಗಡಿ. ಬೇರೆಯವರು ಎರಡು ದಿನ ಕೆಮ್ಮಿ ಉಗಿದು ಎದ್ದು ಓಡಾಡುತ್ತಾರೆ. ಇವರಿಗೆ ಕೆಮ್ಮಲು ಬಲವಿಲ್ಲ, ಕಫ ಎದೆಯಲ್ಲೇ ನಿಂತು ನ್ಯುಮೋನಿಯಾ ಆಗುತ್ತದೆ. ಕೆಮ್ಮಿನ ರಭಸ ಅಳೆಯುವ ಪುಟ್ಟ ಕೊಳವೆಯಂಥ ಮೀಟರ್ ಇದೆ. ದೊಡ್ಡವರಲ್ಲಿ ನಿಮಿಷಕ್ಕೆ 270 ಲೀಟರ್‌ಗಿಂತ ಕಡಿಮೆ ಇದ್ದರೆ ನೆಗಡಿ ಬಂದಾಗ ಸಹಾಯ ಬೇಕಾಗುತ್ತದೆ, 160ಕ್ಕಿಂತ ಕಡಿಮೆಯಾದರೆ ತಾವಾಗಿ ಕಫ ತೆಗೆಯಲಾಗುವುದಿಲ್ಲ.

ಕಾಫ್ ಅಸಿಸ್ಟ್ ಅನ್ನೋ ಮಷಿನ್ ಇದಕ್ಕೇ ಇದೆ, ಬೆಲೆ ಮಾತ್ರ ಲಕ್ಷಗಳಲ್ಲಿ. ಬಡವರ ಮನೆಗೆ ಆಗುವಂಥ ದಾರಿ ಆಂಬು ಬ್ಯಾಗ್. ಆಂಬ್ಯುಲೆನ್ಸ್‌ನಲ್ಲಿ ಒತ್ತುತ್ತಾರಲ್ಲ, ಅದೇ ಬಲೂನಿನಂಥ ಚೀಲ. ಒಂದು ಉಸಿರು ಎಳೆದು ಹಿಡಿದುಕೊಂಡು, ಅದರ ಮೇಲೆ ಚೀಲದಿಂದ ಇನ್ನೊಂದು, ಮತ್ತೊಂದು ಉಸಿರು ಪೇರಿಸಿ, ಎದೆ ತುಂಬಿದ ಮೇಲೆ ಜೋರಾಗಿ ಕೆಮ್ಮುವುದು. ಅದೇ ಹೊತ್ತಿಗೆ ಇನ್ನೊಬ್ಬರು ಹೊಟ್ಟೆಯ ಮೇಲ್ಭಾಗವನ್ನು ಒಳಕ್ಕೆ, ಮೇಲಕ್ಕೆ ಒತ್ತಿದರೆ ಕೆಮ್ಮಿಗೆ ಬಲ ಬರುತ್ತದೆ. ಊಟವಾದ ತಕ್ಷಣ ಇದನ್ನು ಮಾಡಬಾರದು. ಎಲ್ಲಿ, ಎಷ್ಟು ಒತ್ತಬೇಕು ಅನ್ನೋದನ್ನು ಫಿಸಿಯೋಥೆರಪಿಸ್ಟ್ ಕೈ ಹಿಡಿದು ಕಲಿಸಬೇಕು. ವಿಡಿಯೋ ನೋಡಿ ಕಲಿಯುವ ಕೆಲಸ ಅಲ್ಲ. ನೆಗಡಿ ಇಲ್ಲದಾಗಲೂ ದಿನಕ್ಕೆರಡು ಸಲ ಮಾಡಿದರೆ ಎದೆಗೂಡು ಬಿಗಿಯುವುದಿಲ್ಲ.

ಕೋವಿಡ್ ಕಾಲದಲ್ಲಿ ಎಲ್ಲರ ಮನೆಗೂ ಬಂದ ಮೂರು ಗೋಲಿಯ ಊದುಬುರುಡೆಯನ್ನು, ಬಲೂನ್ ಊದುವುದನ್ನು, ಕಪಾಲಭಾತಿಯನ್ನು ‘ಶಕ್ತಿ ಬರ್ಲಿ’ ಅಂತ ಮಾಡಿಸುವವರಿದ್ದಾರೆ. ಶಕ್ತಿಯೇ ಕಡಿಮೆ ತಯಾರಾಗುವ ಸ್ನಾಯುವನ್ನು ಹೀಗೆ ದಣಿಸಿದರೆ ಸಂಜೆ ಹೊತ್ತಿಗೆ ಉಸಿರಾಡುವುದೇ ಕಷ್ಟವಾಗಬಹುದು. ವೈದ್ಯರು ಹೇಳಿದಷ್ಟು ವ್ಯಾಯಾಮ ಒಳ್ಳೆಯದು, ಹಟ ಒಳ್ಳೆಯದಲ್ಲ.

ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ನ್ಯುಮೋಕಾಕಲ್ ಲಸಿಕೆ ವೈದ್ಯರು ಹೇಳಿದಂತೆ. ರೋಗಿಗೆ ಮಾತ್ರವಲ್ಲ, ಜೊತೆಯಲ್ಲಿ ಮಲಗುವವರಿಗೂ ಫ್ಲೂ ಲಸಿಕೆ ಹಾಕಿಸುವುದು ಲಾಭ.

ಮುದ್ದೆ, ಸಾರು, ನೀರು

ಗಂಟಲ ಸ್ನಾಯು ಸೋತರೆ ತಿಂದದ್ದು ಶ್ವಾಸನಾಳಕ್ಕೆ ಜಾರುತ್ತದೆ. ಮೊದಲು ತೊಂದರೆ ಕೊಡುವುದು ಗಟ್ಟಿ ಪದಾರ್ಥ ಅಂತ ಜನ ಅಂದುಕೊಳ್ಳುತ್ತಾರೆ. ಹಲವರಲ್ಲಿ ಮೊದಲು ನೆತ್ತಿಗೇರುವುದು ನೀರು, ಕಾಫಿ, ಮಜ್ಜಿಗೆ, ತೆಳು ಸಾರು. ಕುಡಿದ ಮೇಲೆ ದನಿ ಗೊರಗೊರ ಅನ್ನುವುದು, ಊಟದ ನಡುವೆ ಕೆಮ್ಮು, ಒಂದು ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯುವುದು, ಮೇಲಿಂದ ಮೇಲೆ ನ್ಯುಮೋನಿಯಾ, ಇವು ಗುರುತು. ಕೆಮ್ಮಲು ಬಲವಿಲ್ಲದವರಲ್ಲಿ ಜಾರಿದ್ದು ಗೊತ್ತೇ ಆಗದಿರಬಹುದು.

ಈ ಭಾಗದ ಊಟದಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುವುದು. ನುಂಗುವ ಬಲ ಕಡಿಮೆಯಾದವರಿಗೆ ಅಂಟುವ ಮುದ್ದೆ ಮತ್ತು ತೆಳು ಸಾರು ಒಟ್ಟಿಗೆ ಬಂದಾಗ ಎರಡೂ ಕಷ್ಟ. ಹಾಗಂತ ರಾಗಿ ಬಿಡಬೇಕಿಲ್ಲ, ಎಷ್ಟು ಗಟ್ಟಿ, ಎಷ್ಟು ತೆಳು ಅನ್ನೋದನ್ನು ಪರೀಕ್ಷೆ ಮಾಡಿಸಿ ತಿಳಿದುಕೊಳ್ಳಬೇಕು. ಅದಕ್ಕೆ ದೂರ ಹೋಗಬೇಕಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಅಂದರೆ ಆಯಿಷ್, ಮಾತು ಮತ್ತು ಕಿವಿಗಷ್ಟೇ ಅಂತ ಬಹಳ ಜನ ತಿಳಿದಿದ್ದಾರೆ. ನುಂಗುವ ತೊಂದರೆಯ ತಪಾಸಣೆ, ತರಬೇತಿಯೂ ಅಲ್ಲಿದೆ. ಮೈಟೊಕಾಂಡ್ರಿಯಾ ಕಾಯಿಲೆಯಲ್ಲಿ ಕಿವಿ ಮಂದವಾಗುವುದೂ ಸಾಮಾನ್ಯವಾದ್ದರಿಂದ ಒಂದೇ ಓಡಾಟದಲ್ಲಿ ಎರಡನ್ನೂ ತೋರಿಸಿಕೊಂಡು ಬರಬಹುದು.

ಉಪವಾಸ ಈ ಕಾಯಿಲೆಗೆ ಆಗದು. ಏಕಾದಶಿ, ಶಿವರಾತ್ರಿ ಅಂತ ಹೊಟ್ಟೆ ಖಾಲಿ ಬಿಡಬಾರದು. ಆಪರೇಷನ್‌ಗೆ ಮುಂಚೆ ಖಾಲಿ ಹೊಟ್ಟೆಯಲ್ಲಿ ಇರಬೇಕಾದಾಗಲೂ ಅದನ್ನು ಆದಷ್ಟು ಚಿಕ್ಕದು ಮಾಡಿ, ಪಟ್ಟಿಯಲ್ಲಿ ಮೊದಲು ಇವರನ್ನು ಕರೆದುಕೊಳ್ಳಿ ಅಂತ ಕೇಳಬೇಕು.

ಜ್ವರ ಬಂದಾಗ ಏದುಸಿರು

ಉಸಿರು ತಗ್ಗುವುದು ಒಂದು ಬಗೆಯಾದರೆ, ಏರುವುದು ಇನ್ನೊಂದು ಬಗೆ. ಜ್ವರ, ವಾಂತಿ, ಭೇದಿ, ಊಟ ಬಿಟ್ಟದ್ದು, ಇಂಥ ಹೊತ್ತಿನಲ್ಲಿ ದೇಹದಲ್ಲಿ ಲ್ಯಾಕ್ಟಿಕ್ ಆಮ್ಲ ಹೆಚ್ಚಿ ರಕ್ತ ಹುಳಿಯಾಗುತ್ತದೆ. ಅದನ್ನು ಹೊರಹಾಕಲು ರೋಗಿ ಜೋರಾಗಿ, ಆಳವಾಗಿ ಉಸಿರಾಡುತ್ತಾರೆ. ಎದೆ ಪರೀಕ್ಷಿಸಿದರೆ ಏನೂ ಇರುವುದಿಲ್ಲ, ಎಕ್ಸ್‌ರೇಯೂ ಸರಿ. ‘ಭಯಕ್ಕೆ ಹೀಗಾಗ್ತಿದೆ’ ಎಂದೋ, ಆಸ್ತಮಾ ಎಂದೋ ಕಳಿಸಿಬಿಡುವ ಸಾಧ್ಯತೆ ಇದೆ. ಇಂಥ ಏದುಸಿರು ದುರ್ಬಲ ಸ್ನಾಯುಗಳಿಗೆ ಹೆಚ್ಚು ಹೊತ್ತು ತಡೆಯುವುದಿಲ್ಲ. ರಕ್ತದ ಅನಿಲ ಮತ್ತು ಲ್ಯಾಕ್ಟೇಟ್ ಪರೀಕ್ಷೆ ಬೇಕು. ಯಾವ ಡ್ರಿಪ್ ಹಾಕಬೇಕು ಅನ್ನೋದೂ ಮುಖ್ಯ. ಲ್ಯಾಕ್ಟೇಟ್ ಇರುವ ರಿಂಗರ್ ಲ್ಯಾಕ್ಟೇಟ್ ಬಾಟಲಿಯನ್ನು ಸಾಮಾನ್ಯವಾಗಿ ಇವರಿಗೆ ಬಳಸುವುದಿಲ್ಲ. ಹೆಚ್ಚಿನವರಿಗೆ ಗ್ಲೂಕೋಸ್ ಬೇಕಾಗುತ್ತದೆ, ಕೆಲವು ಬಗೆಯ ದೋಷವಿದ್ದರೆ ಅದೂ ಹೆಚ್ಚಾಗಬಾರದು. ಅದಕ್ಕೇ ತಜ್ಞರು ಮೊದಲೇ ಬರೆದುಕೊಟ್ಟ ಚೀಟಿ ಇರಬೇಕು.

ಔಷಧಗಳ ಬಗ್ಗೆ ಉದ್ದುದ್ದ ಪಟ್ಟಿಗಳು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತವೆ. ಎಲ್ಲವನ್ನೂ ನಂಬಿ ಬೇಕಾದ ಔಷಧ ಬಿಡುವುದೂ ಅಪಾಯ. ಅಂತರರಾಷ್ಟ್ರೀಯ ತಜ್ಞರ ಗುಂಪೊಂದು 2020ರಲ್ಲಿ ಪ್ರಕಟಿಸಿದ ಒಮ್ಮತದ ಅಭಿಪ್ರಾಯದಲ್ಲಿ, ಹಿಂದೆ ಬೇಡ ಅನ್ನುತ್ತಿದ್ದ ಹಲವು ಔಷಧಗಳು ಬಹುತೇಕ ರೋಗಿಗಳಿಗೆ ಸುರಕ್ಷಿತ ಎಂದಿತು. ಫಿಟ್ಸ್‌ಗೆ ಕೊಡುವ ಸೋಡಿಯಂ ವಾಲ್‌ಪ್ರೊಯೇಟ್ ಮಾತ್ರ ಬೇರೆ. ಪೋಲ್‌ಜಿ ಎಂಬ ವಂಶವಾಹಿಯ ದೋಷ ಇರುವವರಿಗೆ ಅದು ಲಿವರ್ ಕೆಡಿಸಿ ಪ್ರಾಣಕ್ಕೆ ತರಬಹುದು. ಅರಿವಳಿಕೆ ಕೊಡುವ ವೈದ್ಯರಿಗೆ ಕಾಯಿಲೆಯ ಹೆಸರು ಮೊದಲೇ ಹೇಳಲೇಬೇಕು, ಹಲ್ಲು ಕೀಳಿಸುವಾಗಲೂ.

ಏದುಸಿರಿಗೆ ಹೃದಯವೂ ಕಾರಣವಿರಬಹುದು. ಈ ಕಾಯಿಲೆಯಲ್ಲಿ ಹೃದಯದ ಸ್ನಾಯು ದಪ್ಪವಾಗುವುದು, ಬಡಿತದ ತಾಳ ತಪ್ಪುವುದು ಇದೆ. ಕರ್ನ್ಸ್-ಸೇಯರ್ ಬಗೆಯವರಿಗೆ ಪೇಸ್‌ಮೇಕರ್ ಬೇಕಾಗುವುದುಂಟು. ವರ್ಷಕ್ಕೊಮ್ಮೆ ಇಸಿಜಿ, ಎಕೋ ಮಾಡಿಸಲು ಮೈಸೂರಿನ ಜಯದೇವ ಆಸ್ಪತ್ರೆ ಇದೆ.

ತಾಯಿಯ ಮೇಲೆ ಬೀಳುವ ಮಾತು

ಮೈಟೊಕಾಂಡ್ರಿಯಾಗೆ ತನ್ನದೇ ಆದ ಚಿಕ್ಕ ಡಿಎನ್‌ಎ ಇದೆ, 37 ವಂಶವಾಹಿಗಳದ್ದು. ಅದು ತಾಯಿಯಿಂದ ಮಾತ್ರ ಬರುತ್ತದೆ. ಈ ಅರ್ಧ ಮಾತು ಕೇಳಿ ‘ಅವಳ ಕಡೆಯಿಂದ ಬಂದ ರೋಗ’ ಅಂತ ಸೊಸೆಯನ್ನು ತವರಿಗೆ ಕಳಿಸುವ ಮಟ್ಟಕ್ಕೂ ಮಾತು ಹೋಗಬಹುದು. ಮಕ್ಕಳಲ್ಲಿ ಕಾಣುವ ಬಹಳಷ್ಟು ಬಗೆಗಳು ಅಪ್ಪ, ಅಮ್ಮ ಇಬ್ಬರಿಂದಲೂ ಒಂದೊಂದು ದೋಷದ ಪ್ರತಿ ಬಂದಾಗ ಆಗುವಂಥವು. ಸೋದರಮಾವ, ಅತ್ತೆ ಮಗ ಅಂತ ಸಂಬಂಧದಲ್ಲೇ ಮದುವೆಯಾದ ಮನೆಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಯಾವುದು ಎಂದು ಜೆನೆಟಿಕ್ ಪರೀಕ್ಷೆಯೇ ಹೇಳಬೇಕು. ಮುಂದಿನ ಮಗುವಿನ ಬಗ್ಗೆ ಯೋಚಿಸುವವರು ಅದಕ್ಕೂ ಮೊದಲು ಜೆನೆಟಿಕ್ ಸಲಹೆ ಪಡೆಯಬೇಕು.

ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ಗುರುತಿಸಿದ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ. ಕರ್ನಾಟಕದಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಆ ಕೇಂದ್ರವಾಗಿವೆ. ‘ಮೈಟೊಕಾಂಡ್ರಿಯಲ್ ಕಾಕ್‌ಟೇಲ್’ ಅನ್ನುವ ವಿಟಮಿನ್, ಕೋಎನ್‌ಜೈಮ್ ಮಿಶ್ರಣ ನೀತಿಯ ಎರಡನೇ ಗುಂಪಿನಲ್ಲಿದೆ. ಅದನ್ನು ತೆಗೆದುಕೊಳ್ಳುತ್ತಿದ್ದೇವೆ, ಮಷಿನ್ ಯಾಕೆ ಅನ್ನುವಂತಿಲ್ಲ. ಮಾತ್ರೆ ಬೇರೆ, ರಾತ್ರಿಯ ಗಾಳಿ ಬೇರೆ.

ಕೆಲವು ಮಕ್ಕಳಲ್ಲಿ, ಎಲ್ಲ ಮಾಡಿದರೂ, ಕಾಯಿಲೆ ಮುಂದೆ ಹೋಗುತ್ತಲೇ ಇರುತ್ತದೆ. ಗಂಟಲಿಗೆ ರಂಧ್ರ ಮಾಡಿ ವೆಂಟಿಲೇಟರ್ ಹಾಕಬೇಕೇ ಬೇಡವೇ ಅನ್ನೋ ಪ್ರಶ್ನೆ ಐಸಿಯು ಬಾಗಿಲಲ್ಲಿ ರಾತ್ರಿ 2 ಗಂಟೆಗೆ ಎದುರಾಗಬಾರದು. ಮೊದಲೇ ಕೂತು ವೈದ್ಯರ ಜೊತೆ ಮಾತಾಡಬೇಕು. ನರಳಾಟ ಕಡಿಮೆ ಮಾಡುವ ಉಪಶಾಮಕ ಆರೈಕೆ ಮೈಸೂರಿನಲ್ಲೂ ಸಿಗುತ್ತದೆ. ಸರಗೂರಿನಲ್ಲಿ ವಿವೇಕಾನಂದ ಸ್ಮಾರಕ ಆಸ್ಪತ್ರೆ ನಡೆಸುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಈ ಆರೈಕೆಯಲ್ಲೂ ಕೆಲಸ ಮಾಡುತ್ತಿದೆ.

ಕರೆಂಟ್ ಹೋದರೆ, ರಾತ್ರಿ ಹೊರಡಬೇಕಾದರೆ

ಮಳೆಗಾಲದಲ್ಲಿ ಎಚ್.ಡಿ. ಕೋಟೆ ಕಡೆ ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತೋ ಹೇಳಲಾಗದು. ತೋಟದ ಮನೆಗಳಿಗೆ ಪಂಪ್‌ಸೆಟ್ ಲೈನಿನ ಕರೆಂಟೇ ಗತಿ ಆದರೆ ಇನ್ನೂ ಕಷ್ಟ. ಬೈಪ್ಯಾಪ್‌ಗೆ ಕರೆಂಟ್ ಹೆಚ್ಚು ಬೇಡ, ಸಾಮಾನ್ಯವಾಗಿ ಒಂದು ಫ್ಯಾನಿಗಿಂತಲೂ ಕಡಿಮೆ. ಗಾಳಿಯನ್ನು ಬೆಚ್ಚಗೆ ತೇವ ಮಾಡುವ ಹೀಟರ್ ಹಾಕಿದರೆ ಮಾತ್ರ ಏರುತ್ತದೆ. ಕರೆಂಟ್ ಹೋದ ತಕ್ಷಣ ಹೀಟರ್ ಆಫ್ ಮಾಡಿ, ಟಿವಿ, ಫ್ಯಾನ್ ತೆಗೆದರೆ ಮನೆಯ ಸಾಮಾನ್ಯ 150 ಎಎಚ್ ಇನ್ವರ್ಟರ್ ಬ್ಯಾಟರಿ ಚೆನ್ನಾಗಿದ್ದಲ್ಲಿ ಒಂದು ರಾತ್ರಿ ದಾಟಿಸುತ್ತದೆ. ಹಳೇ ಬ್ಯಾಟರಿಯಾದರೆ ಹಗಲಲ್ಲಿ ಮೇನ್ ಆಫ್ ಮಾಡಿ, ಎಷ್ಟು ಗಂಟೆ ಬರುತ್ತೆ ಅಂತ ಒಮ್ಮೆ ಓಡಿಸಿ ನೋಡಿಟ್ಟುಕೊಳ್ಳಬೇಕು. ಸೆಸ್ಕ್ ಸಹಾಯವಾಣಿ 1912. ಉಸಿರಾಟದ ಮಷಿನ್ ಮೇಲಿರುವ ರೋಗಿ ಇದ್ದಾರೆ ಅಂತ ಸ್ಥಳೀಯ ಸೆಕ್ಷನ್ ಆಫೀಸಿಗೆ, ಲೈನ್‌ಮ್ಯಾನ್‌ಗೆ ಮೊದಲೇ ಬರೆದುಕೊಡುವುದು ಒಳ್ಳೆಯದು. ಎಲ್ಲ ಕೈಕೊಟ್ಟರೆ ಆಂಬು ಬ್ಯಾಗ್ ಇದೆ. ಅದನ್ನು ಒತ್ತಲು ಮನೆಯಲ್ಲಿ ಇಬ್ಬರಿಗಾದರೂ ಬರಬೇಕು.

108ಕ್ಕೆ ಫೋನ್ ಮಾಡಬೇಕಾದ ಹೊತ್ತು ಇದು: ಒಂದು ವಾಕ್ಯ ಪೂರ್ತಿ ಹೇಳಲಾಗುತ್ತಿಲ್ಲ, ಕೂತೇ ಇರಬೇಕು ಅನ್ನುತ್ತಾರೆ, ಮಂಪರು ಬಿಡುತ್ತಿಲ್ಲ, ತುಟಿ ನೀಲಿ, ಕಫ ಬರುತ್ತಿಲ್ಲ, ಮಾಸ್ಕ್ ಹಾಕಿಯೂ ಆಕ್ಸಿಮೀಟರ್ 92ಕ್ಕಿಂತ ಮೇಲೇಳುತ್ತಿಲ್ಲ. ಹೊರಡುವಾಗ ರೋಗಿಯ ಸ್ವಂತ ಬೈಪ್ಯಾಪ್, ಮಾಸ್ಕ್, ವೈರ್ ಎಲ್ಲವೂ ಜೊತೆಗೆ ಹೋಗಬೇಕು. ತಾಲೂಕು ಆಸ್ಪತ್ರೆಯಲ್ಲಿ ಅಳತೆಯ ಮಾಸ್ಕ್ ಇಲ್ಲದಿರಬಹುದು. ಪಿರಿಯಾಪಟ್ಟಣದಿಂದ ಮೈಸೂರಿಗೆ ಒಂದೂವರೆ ಗಂಟೆ ದಾರಿ, ಡಿ.ಬಿ. ಕುಪ್ಪೆಯಂಥ ಕಾಡಂಚಿನ ಊರಿನಿಂದ ಇನ್ನೂ ಹೆಚ್ಚು.

ಆ ದಾರಿಯಲ್ಲಿ ಕೈಯಲ್ಲಿರಬೇಕಾದದ್ದು ಒಂದು ಹಾಳೆ. ಕನ್ನಡ, ಇಂಗ್ಲಿಷ್ ಎರಡರಲ್ಲೂ, ಲ್ಯಾಮಿನೇಷನ್ ಮಾಡಿಸಿ ಮಷಿನ್ ಬ್ಯಾಗಿನಲ್ಲೇ ಇಟ್ಟಿರಬೇಕು. ಅದರಲ್ಲಿ ಕಾಯಿಲೆಯ ಹೆಸರು, ನೋಡುವ ತಜ್ಞರ ಫೋನ್ ನಂಬರ್, ಬೈಪ್ಯಾಪ್‌ನ ಎರಡು ಒತ್ತಡ ಮತ್ತು ಬ್ಯಾಕಪ್ ರೇಟ್, ಎಂದಿನ ಕಾರ್ಬನ್ ಡೈಆಕ್ಸೈಡ್ ಮಟ್ಟ, ಯಾವ ಡ್ರಿಪ್ ಆಗಬಹುದು, ಯಾವುದು ಬೇಡ, ಯಾವ ಔಷಧ ಆಗದು. ಮೇಲ್ಗಡೆ ದಪ್ಪ ಅಕ್ಷರದಲ್ಲಿ ಒಂದು ಸಾಲು: ‘ಉಸಿರಾಟದ ಸ್ನಾಯು ದುರ್ಬಲ. ಆಕ್ಸಿಜನ್ ಕೊಡುವಾಗ ಬೈಪ್ಯಾಪ್ ಜೊತೆಗೆ ಕೊಡಿ, ರಕ್ತದ ಅನಿಲ ಪರೀಕ್ಷಿಸಿ.’ ರಾತ್ರಿ ಪಾಳಿಯಲ್ಲಿ ಈ ಕಾಯಿಲೆಯನ್ನು ಜೀವನದಲ್ಲಿ ಮೊದಲ ಸಲ ನೋಡುತ್ತಿರುವ ಕಿರಿಯ ವೈದ್ಯರಿಗೆ ಅದನ್ನು ಕೊಡಬೇಕು. ಮುಂದಿನ ತಪಾಸಣೆಗೆ ಹೋದಾಗಲೇ ವೈದ್ಯರ ಕೈಲಿ ಅದನ್ನು ಬರೆಸಿ, ಸಹಿ ಮತ್ತು ಸೀಲ್ ಹಾಕಿಸಿಕೊಳ್ಳಬಹುದು.